ಯಂತ್ರದ ಕಾಲಡಿಯ ರೂಪಾಯಿ

ನಾಣ್ಯ ಕೂಡಿಡುವ ನಮ್ಮಂಥವರಿಗೆ ಟಂಕಸಾಲೆ ಮಾಡಿದ ತಪ್ಪೆಂದರೆ ಹಬ್ಬ. ತೊಂದರೆಯೆಂದರೆ, ಅಂಥ ತಪ್ಪುಗಳಿಗಿಂತ ಅರ, ಸುತ್ತಿಗೆ ಹಿಡಿದವರ ಕರಾಮತ್ತೇ ಹೆಚ್ಚು. ಕಳೆದ ವರ್ಷ ಮೂಡುಬಿದಿರೆಯ ನಮ್ಮ ಕೂಟದ ಪ್ರದರ್ಶನಕ್ಕೆ ನಾನು ಒಯ್ದ ನಾಣ್ಯವನ್ನು ಎಲ್ಲರೆದುರೇ ‘ಅರದ ಕೆಲಸ’ ಎಂದು ಬದಿಗಿಟ್ಟಿದ್ದರು. ಈ ಸಲ ತಪ್ಪು ನಾಣ್ಯಗಳ ಮೇಜಿನಲ್ಲಿ ನನ್ನದೊಂದು ಇರಲೇಬೇಕೆಂಬ ಹಟ ಹತ್ತಿತ್ತು.

ವಿಟ್ಲದಲ್ಲಿ ಅಕ್ಕ ಅಡಿಕೆ ಹಾಳೆಯಿಂದ ಊಟದ ತಟ್ಟೆ ಒತ್ತುವ ಯಂತ್ರ ಇಟ್ಟುಕೊಂಡಿದ್ದಾಳೆ. ಅವಳ ಮೊಳೆಗಳ ಡಬ್ಬಿಯಲ್ಲಿ ಇಪ್ಪತ್ತು ಪೈಸೆಯ ಹಳೆಯ ಅಲ್ಯೂಮಿನಿಯಂ ನಾಣ್ಯ ಸಿಕ್ಕಿತು. ಒಂದು ಮುಖದಲ್ಲಿ ಸಿಂಹಗಳು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ, ಒಳಕ್ಕೆ ತಗ್ಗಿದ್ದವು. ಟಂಕಸಾಲೆಯಲ್ಲಿ ಒಂದು ನಾಣ್ಯ ಅಚ್ಚಿಗೇ ಅಂಟಿ ಮುಂದಿನದರ ಮೇಲೆ ಒತ್ತಿದರೆ ಹೀಗಾಗುತ್ತದೆ. ಅಕ್ಕನನ್ನು ಕೇಳಿ ಪಡೆದು, ಬಸ್ಸಿನಲ್ಲಿ ಮುಷ್ಟಿ ಬಿಚ್ಚದೆ ಮೂಡುಬಿದಿರೆ ಮುಟ್ಟಿದೆ.

ಮನೆಯಲ್ಲಿ ಭೂತಕನ್ನಡಿ ಹಿಡಿದಾಗ ಮುಖ ಬಾಡಿತು. ಅಸಲಿಯಾದರೆ ಆ ಬದಿಯಲ್ಲಿ ಬೇರೆ ಗುರುತೇ ಇರಬಾರದು. ಇಲ್ಲಿ ಸಿಂಹಗಳ ಅಡಿಯಲ್ಲಿ ಇಪ್ಪತ್ತರ ಅಂಕಿ ಚಪ್ಪಟೆಯಾಗಿ ಉಳಿದಿತ್ತು. ಯಾರೋ ಎರಡು ನಾಣ್ಯ ಸೇರಿಸಿ ಅದುಮಿದ್ದಾರೆ. ಸಿಟ್ಟಿನಲ್ಲಿ ಎಸೆಯಲು ಹೊರಟವನು ಇನ್ನೊಮ್ಮೆ ನೋಡಿದೆ. ಇದರ ಮೇಲೆ ಒತ್ತಿದ್ದ ಇನ್ನೊಂದು ನಾಣ್ಯದ ಅಂಚು ಪೂರ್ತಿ ದುಂಡಗೆ ಮೂಡಿತ್ತು, ಅದರೊಳಗೆ ಸಿಂಹಗಳು ಮಾತ್ರ ಒಂದು ಬದಿಗೆ ಸರಿದಿದ್ದವು. ಎದುರು ಬದಿಯಲ್ಲಿ ಉಗುರಿನಷ್ಟು ಜಾಗ ಬೋಳು. ಅಂದರೆ ಕೈಯಲ್ಲಿದ್ದದ್ದು ಸುಳ್ಳು, ಇದನ್ನು ಒತ್ತಿದ ನಾಣ್ಯ ಮಾತ್ರ ಟಂಕಸಾಲೆಯಲ್ಲೇ ಅಚ್ಚು ತಪ್ಪಿ ಹುಟ್ಟಿದ್ದು.

ಕೂಡಲೇ ಅಕ್ಕನಿಗೆ ಫೋನು ಮಾಡಿ, ಆ ನಾಣ್ಯ ಡಬ್ಬಿಗೆ ಎಲ್ಲಿಂದ ಬಂತೆಂದು ಕೇಳಿದೆ.

“ಅದಾ? ಯಂತ್ರ ಅಲ್ಲಾಡ್ತದೆ ಅಂತ ನಿನ್ನ ಭಾವ ಕಾಲಡಿಗೆ ಎರಡು ನಾಣ್ಯ ಇಟ್ಟಿದ್ದರು. ಒಂದು ಹೆಚ್ಚಾಯ್ತು ಅಂತ ತೆಗೆದದ್ದು. ಇನ್ನೊಂದು ಅಲ್ಲಿಯೇ ಉಂಟು ಮಾರಾಯ.”

ಆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು. ಬೆಳಿಗ್ಗೆ ವಿಟ್ಲಕ್ಕೆ ಓಡಿದೆ. ಅಕ್ಕ ಮದುವೆ ಮನೆಗೆ ತಟ್ಟೆ ಒತ್ತುತ್ತಿದ್ದಳು.

“ತೆಗೆಯಲಿಕ್ಕೆ ಬಿಡುದಿಲ್ಲ. ಯಂತ್ರ ಅಲ್ಲಾಡಿದ್ರೆ ತಟ್ಟೆಯ ಅಂಚು ಹರೀತದೆ. ಅದರ ಜಾಗಕ್ಕೆ ಎಂತ ಇಡ್ತೀ?”

ಜೇಬಿನಿಂದ ಅದೇ ಇಪ್ಪತ್ತು ಪೈಸೆ ತೆಗೆದು ಕೊಟ್ಟೆ.

ಭಾವ ಜಾಕ್ ಕೊಟ್ಟು ಎತ್ತಿದರು. ಅಡಿಯಲ್ಲಿ ಸ್ಟೀಲಿನ ಒಂದು ರೂಪಾಯಿ. ಮಸಿ ಒರೆಸಿ ತಿರುಗಿಸಿದೆ. ಹಿಂಬದಿಯ ಅಂಕಿಯೂ ಸಿಂಹಗಳು ಸರಿದ ಕಡೆಗೇ ಸರಿದಿತ್ತು. ಅರ ಹಿಡಿದವನಿಗೆ ಉಜ್ಜಿ ಬೋಳಿಸಲು ಬರುತ್ತದೆ, ಎರಡೂ ಮುಖದ ಚಿತ್ರವನ್ನು ಸರಿಸಲು ಬರುವುದಿಲ್ಲ. ಅದರ ಜಾಗಕ್ಕೆ ಭಾವ ಇಪ್ಪತ್ತು ಪೈಸೆ ಇಟ್ಟು ಯಂತ್ರ ಇಳಿಸಿದರು.

ಪ್ರದರ್ಶನದಲ್ಲಿ ಈ ಸಲ ಯಾರೂ ಅದನ್ನು ಬದಿಗಿಡಲಿಲ್ಲ. ನೋಡಲು ಬಂದಿದ್ದ ಅಕ್ಕ ಗಾಜಿನ ಮೇಲೆ ಬಗ್ಗಿದಳು.

“ಇದು ಇಲ್ಲಿ ಸುಮ್ಮನೆ ಮಲಗಿದೆ. ನಿನ್ನ ಆ ಸುಳ್ಳು ನಾಣ್ಯ ಅಲ್ಲಿ ದುಡೀತಾ ಉಂಟು” ಅಂದಳು.