ಕಟ್ಟದೆ ಬಿಟ್ಟ ವೈರು

ಆರ್.ಟಿ. ನಗರದ ಒಂದು ಅಡ್ಡರಸ್ತೆಯಲ್ಲಿ ನಾವಿಬ್ಬರು ಹನ್ನೊಂದು ವರ್ಷ ಒಂದೇ ಶಟರ್ ಕೆಳಗೆ ಕೆಲಸ ಮಾಡಿದೆವು. ಎಡಗಡೆ ಅವನ ಹೊಲಿಗೆ ಮಷಿನ್ನು, ರೆಕ್ಸಿನ್ ಸುರುಳಿ, ಫೋಮಿನ ರಾಶಿ. ಬಲಗಡೆ ನನ್ನ ಮೇಜು, ಮೀಟರು, ಬಣ್ಣಬಣ್ಣದ ವೈರು. ಅವನು ಕಾರಿನ ಸೀಟು ಮಾಡುವವನು, ನಾನು ಕಾರಿನ ಎಲೆಕ್ಟ್ರಿಷಿಯನ್. ಅಂಗಡಿ ಅವನು ಬಾಡಿಗೆಗೆ ಹಿಡಿದದ್ದು. ಮತ್ತಿಕೆರೆಯ ಗ್ಯಾರೇಜಿನಲ್ಲಿ ಮಾಲೀಕನ ಜೊತೆ ಜಗಳವಾಡಿ ನಾನು ಕೆಲಸ ಬಿಟ್ಟು ಬಂದ ದಿನ ಅವನು, "ಅರ್ಧ ಜಾಗ ಸುಮ್ನೆ ಬಿದ್ದಿದೆ ಗುರು, ಒಂದು ಮೇಜು ತಂದು ಹಾಕ್ಕೋ" ಅಂದಿದ್ದ. ಅಷ್ಟೇ ಮಾತು. ಕಾಗದ ಪತ್ರ ಏನೂ ಆಗಲಿಲ್ಲ.

ನಾನು ಅವನನ್ನು ಭಾಯ್ ಅನ್ನುತ್ತಿದ್ದೆ. ನನಗಿಂತ ಆರು ವರ್ಷ ದೊಡ್ಡವನಾದರೂ ನಮ್ಮಿಬ್ಬರಲ್ಲಿ ಮೊದಲಿಂದ ಏಕವಚನವೇ. ಶುಕ್ರವಾರ ಮಧ್ಯಾಹ್ನ ಅವನು ನಮಾಜಿಗೆ ಹೋದಾಗ ಅವನ ಗಿರಾಕಿಗಳನ್ನು ನಾನು ಕೂರಿಸಿಕೊಳ್ಳುತ್ತಿದ್ದೆ. ನಮ್ಮಪ್ಪ ಕೊನೆಯ ಸಲ ಆಸ್ಪತ್ರೆ ಸೇರಿದಾಗ ತಿಂಗಳಿಡೀ ನನ್ನ ಗಿರಾಕಿಗಳಿಗೆ ಅವನು ಸಮಾಧಾನ ಹೇಳಿದ. ದಿನಾ ಸಾಯಂಕಾಲ ಅವನ ತಾಯಿ ಮಾಡಿದ ಗಂಜಿ ತರುತ್ತಿದ್ದ. ನಮ್ಮಪ್ಪ ಕೋಗಿಲು ಹಳ್ಳಿಯ ಹಳೇ ಕಾಲದ ಮನುಷ್ಯ, ಹೊರಗಿನವರ ಮನೆಯಲ್ಲಿ ನೀರು ಕುಡಿಯಲೂ ಹಿಂದೆ ಮುಂದೆ ನೋಡುತ್ತಿದ್ದವರು. ಆ ಗಂಜಿ ಮಾತ್ರ ಕೇಳಿ ಹಾಕಿಸಿಕೊಂಡು ಕುಡಿದರು.

ಭಾಯ್‌ಗೆ ಒಂದು ಅಭ್ಯಾಸವಿತ್ತು. ಸೀಟು ಮಾಡಿಸಲು ಯಾರೇ ಬರಲಿ, ಮೊದಲು ಅವರನ್ನು ಒಂದು ಮರದ ಸ್ಟೂಲಿನ ಮೇಲೆ ಕೂರಿಸಿ ಟೀ ತರಿಸುತ್ತಿದ್ದ. ಟೀ ಮುಗಿಸಿ ಅವರು ಹೇಗೆ ಏಳುತ್ತಾರೆ, ಯಾವ ಕೈ ಊರುತ್ತಾರೆ, ಯಾವ ಮಂಡಿ ಹಿಡಿದುಕೊಳ್ಳುತ್ತಾರೆ ಅಂತ ನೋಡುತ್ತಿದ್ದ. "ಕೂರೋದು ಎಲ್ರೂ ಒಂದೇ ಥರ ಕೂರ್ತಾರೆ. ಏಳೋವಾಗ ಅವರವರ ನೋವು ಗೊತ್ತಾಗುತ್ತೆ" ಅನ್ನುತ್ತಿದ್ದ.

ಎರಡು ವರ್ಷದ ಹಿಂದೆ ಯಲಹಂಕದ ಕಡೆಯಿಂದ ಒಬ್ಬರು ಬಂದರು. ವಾಯುಪಡೆಯಲ್ಲಿದ್ದು ನಿವೃತ್ತರಾದವರು, ಎಪ್ಪತ್ತರ ಹತ್ತಿರದ ವಯಸ್ಸು, ಹುರಿಮೀಸೆ. ಬಂದದ್ದು ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ. ಅದು ಹಳೆಯ ಗಾಡಿ, ಸೀಟಿನೊಳಗೆ ಏರ್‌ಬ್ಯಾಗ್ ಇಡುವ ಕಾಲಕ್ಕಿಂತ ಮುಂಚಿನದು. ಬದುಕಿಡೀ ಆಸೆಪಟ್ಟು, ನಿವೃತ್ತಿಯಾದ ಮೇಲೆ ಕೊಂಡಿದ್ದರು. ಸೊಂಟದ ಕೀಲಿನ ಆಪರೇಷನ್ ಆದ ಮೇಲೆ ಡಾಕ್ಟರು, ನೆಲಕ್ಕೆ ಅಂಟಿಕೊಂಡಿರುವ ಈ ಕಾರು ಬಿಡಿ ಅಂದರಂತೆ.

"ನಾನು ಬಿಡಲ್ಲ. ಸೊಂಟ ಗಟ್ಟಿಯಾಗಿ ಹಿಡ್ಕೊಳ್ಳೋ ರೇಸಿಂಗ್ ಸೀಟ್ ಹಾಕ್ಕೊಡಿ. ಆದ್ರೆ ಗುಂಡಿ ಒತ್ತಿದ್ರೆ ಹಿಂದೆ ಹೋಗ್ಬೇಕು, ಮೇಲೆ ಏಳ್ಬೇಕು, ಈಗ ಹೇಗಿದೆಯೋ ಹಾಗೇ. ಸೀಟು ಹಿಂದೆ ಹೋಗಿ ಎತ್ತರ ಆಗ್ದೇ ಇದ್ರೆ ನಾನು ಇಳಿಯೋಕೇ ಆಗಲ್ಲ" ಅಂದರು.

ನಾಲ್ಕು ಅಂಗಡಿಯವರು ಆಗುವುದಿಲ್ಲ ಅಂದಿದ್ದರಂತೆ. ಅದರಲ್ಲಿ ಸುಳ್ಳೇನಿರಲಿಲ್ಲ. ಹೊರಗೆ ಸಿಗುವ ಸೀಟುಗಳ ಜೊತೆ ಬರುವುದು ಕೈಯಿಂದ ಎಳೆಯುವ ಹಳಿ. ಮೋಟಾರುಗಳಿರುವುದು ಕಾರಿನ ಜೊತೆ ಬಂದ ಹಳೆಯ ಸೀಟಿನ ಅಡಿಯ ಹಳಿಯಲ್ಲಿ. ಹೊಸ ಸೀಟಿಗೂ ಆ ಹಳಿಗೂ ಬೋಲ್ಟಿನ ತೂತು ಕೂಡುವುದಿಲ್ಲ. ಭಾಯ್ ಅವರನ್ನು ಸ್ಟೂಲಿನ ಮೇಲೆ ಕೂರಿಸಿದ. ಅವರು ಎದ್ದದ್ದನ್ನು ನೋಡಿ ನನ್ನ ಕಡೆ ತಿರುಗಿ, "ಮಾಡೋಣ ಗುರು" ಅಂದ.

ಮಾಡಿದೆವು. ಹಳೇ ಸೀಟಿನ ಮೆತ್ತೆ, ಬೆನ್ನು ಎಲ್ಲ ಬಿಚ್ಚಿ ಮೋಟಾರಿನ ಹಳಿ ಮಾತ್ರ ಉಳಿಸಿಕೊಂಡೆವು. ಅದರ ಮೇಲೆ ಕೂರಲು ಉಕ್ಕಿನ ಬ್ರ್ಯಾಕೆಟ್, ಬ್ರ್ಯಾಕೆಟ್ ಮೇಲೆ ಹೊಸ ಸೀಟು. ಬೆನ್ನು ಒರಗಿಸುವ ಮೋಟಾರು ಹೋಯಿತು. ಹೊಸ ಸೀಟಿನ ಬೆನ್ನು ಬಾಗುವಂಥದ್ದಲ್ಲ. ಅದನ್ನು ಮೊದಲೇ ಹೇಳಿ ಒಪ್ಪಿಸಿದ್ದೆವು. ಮೊದಲ ಬ್ರ್ಯಾಕೆಟ್ ಎರಡು ಬೆರಳು ಎತ್ತರವಾಯಿತು, ಅವರ ತಲೆ ಕಾರಿನ ಮಾಡಿಗೆ ತಾಗಿತು. ಭಾಯ್ ಮತ್ತೆ ರಟ್ಟು ಕತ್ತರಿಸಿ, ಅಳೆದು, ಪಕ್ಕಕ್ಕೆ ಕಿವಿಯಂತೆ ಬಾಗಿದ ಇನ್ನೊಂದು ಮಾಡಿದ. ಅವರು ಏಳುವಾಗ ಎಡಗೈ ಊರುತ್ತಾರೆ ಅಂತ ಎಡಗಡೆ ಅಂಚಿಗೆ ದಪ್ಪ ಫೋಮು ಹಾಕಿದ. ಗುಂಡಿಗಳನ್ನು ಬಲಗೈಗೆ ಸಿಗುವಂತೆ ಹಳೇ ಜಾಗದಲ್ಲೇ ನಾನು ಕೂರಿಸಿದೆ. ಗುಂಡಿ ಒತ್ತಿದಾಗ ಹೊಸ ಸೀಟು ಹಗುರವಾಗಿ ಹಿಂದಕ್ಕೆ ಸರಿದು ಮೇಲಕ್ಕೆದ್ದಿತು. ಇಬ್ಬರೂ ಮಕ್ಕಳ ಹಾಗೆ ನಗಾಡಿದೆವು.

ಕಾರು ಕೊಡುವ ದಿನ ಬೆಳಗ್ಗೆ ಒಂದು ಕೆಲಸ ಉಳಿದಿತ್ತು. ಗುಂಡಿಯಿಂದ ಮೋಟಾರಿಗೆ ಹೋಗುವ ವೈರಿನ ಕಟ್ಟನ್ನು ಸೀಟಿನ ಅಡಿಯಲ್ಲಿ ಕ್ಲಿಪ್ ಹಾಕಿ ಬಿಗಿಯಬೇಕು. ಸೀಟು ಹಿಂದೆ ಮುಂದೆ ಓಡಾಡುವಾಗ ವೈರು ಜೋತು ಬಿದ್ದು ಬ್ರ್ಯಾಕೆಟ್‌ಗೆ ಸಿಕ್ಕಬಾರದು. ಪರೀಕ್ಷೆ ಮಾಡುವ ಗಡಿಬಿಡಿಯಲ್ಲಿ ನಾನು ಕ್ಲಿಪ್ ಹಾಕದೆ ಸೀಟನ್ನು ಬಿಗಿದುಬಿಟ್ಟಿದ್ದೆ. ಹಾಕಬೇಕೆಂದರೆ ನಾಲ್ಕು ಬೋಲ್ಟು ಮತ್ತೆ ಬಿಚ್ಚಬೇಕು. ಗಿರಾಕಿ ಆಗಲೇ ಬಂದು ಟೀ ಕುಡಿಯುತ್ತಿದ್ದರು. ಭಾಯ್ ಕೇಳಿದ: "ಅಡೀಲಿ ವೈರು ಕಟ್ಟಿದ್ಯಾ?"

"ಕಟ್ಟಿದೀನಿ" ಅಂದೆ.

ಮುಂದಿನ ವಾರ ಅವರು ಕಾರು ತೋರಿಸಲು ಬಂದಾಗ ಹಾಕಿದರಾಯಿತು ಅಂತ ನನ್ನ ಲೆಕ್ಕ. ಭಾಯ್ ಬಗ್ಗಿ ನೋಡಲಿಲ್ಲ. ಹನ್ನೊಂದು ವರ್ಷದಲ್ಲಿ ನನ್ನ ಕೆಲಸವನ್ನು ಒಂದು ಸಲವೂ ಅವನು ಬಗ್ಗಿ ನೋಡಿದವನಲ್ಲ.

ಆರನೆಯ ದಿನ ಮಧ್ಯಾಹ್ನ ಆ ಕಾರು ಟೋಯಿಂಗ್ ಗಾಡಿಯ ಮೇಲೆ ಬಂತು. ಅದರ ಹಿಂದೆ ಆಟೋದಲ್ಲಿ ಅವರ ಹೆಂಡತಿ. ನಡೆದದ್ದನ್ನು ಆಕೆಯೇ ಹೇಳಿದರು. ಹೆಬ್ಬಾಳದ ಸಿಗ್ನಲ್ಲಿನಲ್ಲಿ ಕಾರು ನಿಂತಿದ್ದಾಗ, ಗುಂಡಿ ಮುಟ್ಟದೆಯೇ ಸೀಟು ತಾನೇ ಮುಂದಕ್ಕೆ ಓಡಿತಂತೆ. ಮಂಡಿ ಡ್ಯಾಶ್‌ಬೋರ್ಡಿಗೆ, ಎದೆ ಸ್ಟೇರಿಂಗಿಗೆ ಒತ್ತಿ, ಸುಟ್ಟ ವಾಸನೆ ಬಂದು ಸೀಟು ಅಲ್ಲೇ ಸತ್ತಿತು. ಹಿಂದೆ ನೂರು ಗಾಡಿಗಳ ಹಾರನ್ನು. ಟ್ರಾಫಿಕ್ ಪೊಲೀಸ್ ಒಬ್ಬರು, ಮೆಟ್ರೋ ಕೆಲಸದ ಇಬ್ಬರು ಸೇರಿ ಅವರನ್ನು ತಿರುಚಿ ಎಳೆದು ಹೊರಗೆ ತೆಗೆದರು. ಆಪರೇಷನ್ ಆದ ಕೀಲು ಅಲುಗಾಡಿತ್ತು. ಆಸ್ಪತ್ರೆಯಲ್ಲಿದ್ದರು.

"ಯಾರ ಕೈಕೆಲಸ ಇದು?" ಆಕೆ ಕೇಳಿದರು. ಜೋರಾಗಿ ಕೇಳಲಿಲ್ಲ. "ನಿಮ್ಮಿಬ್ಬರಲ್ಲಿ ಯಾರು ಮಾಡಿದ್ದು, ಹೇಳಿ."

ನಾನು ಬಗ್ಗಿ ಟಾರ್ಚು ಬಿಟ್ಟೆ. ಜೋತು ಬಿದ್ದ ವೈರು ಬ್ರ್ಯಾಕೆಟ್ಟಿನ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದು ಒಂದಕ್ಕೊಂದು ಅಂಟಿಕೊಂಡಿತ್ತು. ನನಗೆ ಅಲ್ಲೇ ಎಲ್ಲ ಗೊತ್ತಾಯಿತು. ಕೇಸು, ಪೊಲೀಸು, ಮುದುಕರ ಜೀವ, ಎಲ್ಲ ಒಟ್ಟಿಗೆ ತಲೆಗೆ ನುಗ್ಗಿತು. ಎದ್ದು ನಿಂತು ಹೇಳಿದೆ: "ಬ್ರ್ಯಾಕೆಟ್ ಅಂಚು ವೈರು ಕತ್ತರಿಸಿದೆ ಮೇಡಂ. ಬ್ರ್ಯಾಕೆಟ್ ಕೆಲಸ ಇವರದು."

ಇವರದು ಅಂದೆ. ಅವನ ಕಡೆ ಕೈ ತೋರಿಸಿದೆ.

ಭಾಯ್ ನನ್ನನ್ನು ಒಮ್ಮೆ ನೋಡಿದ. ಅವನ ಕಣ್ಣಲ್ಲಿ ಸಿಟ್ಟು ಇರಲಿಲ್ಲ. ಏನೋ ಸರಿಯಾಗಿ ಕೇಳಿಸಲಿಲ್ಲ ಅನ್ನುವವನ ಹಾಗೆ ನೋಡಿದ. ಆಮೇಲೆ ಆಕೆಯ ಕಡೆ ತಿರುಗಿ ಕೈ ಮುಗಿದ. "ತಪ್ಪಾಗಿದೆ ಅಮ್ಮಾ. ನಾನೇ ಸರಿ ಮಾಡಿ ಮನೆಗೆ ತಂದು ಬಿಡ್ತೀನಿ. ಸಾಹೇಬ್ರಿಗೆ ಏನೂ ಆಗ್ಬಾರ್ದು."

ಆಕೆ ಅವನಿಗೆ ಏನೇನೋ ಅಂದರು. ನಿಮ್ಮಂಥವರ ಕೈಗೆ ಕೊಟ್ಟದ್ದೇ ನಮ್ಮ ತಪ್ಪು ಅಂದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ನಾನು ಮೂರು ಹೆಜ್ಜೆ ದೂರದಲ್ಲಿ ಟಾರ್ಚು ಹಿಡಿದುಕೊಂಡು ನಿಂತಿದ್ದೆ. ಆರಿಸುವುದೂ ಮರೆತುಹೋಗಿತ್ತು.

ಎರಡು ದಿನ ಅವನೊಬ್ಬನೇ ಸೀಟು ಬಿಚ್ಚಿ ಕೆಲಸ ಮಾಡಿದ. ಬ್ರ್ಯಾಕೆಟ್ಟಿನ ಅಂಚನ್ನು ಅರದಿಂದ ಉಜ್ಜಿ ಉಜ್ಜಿ ಬೆರಳು ಆಡಿಸಿದರೂ ತಾಕದಷ್ಟು ನಯ ಮಾಡಿದ. ವೈರು ಬದಲಾಯಿಸಲು ಮಾತ್ರ ನನ್ನನ್ನು ಕರೆದ. ನಾನು ಬದಲಾಯಿಸಿದೆ, ಈ ಸಲ ಕ್ಲಿಪ್ ಹಾಕಿದೆ. ಅವನು ಪಕ್ಕದಲ್ಲೇ ಕೂತು ನೋಡುತ್ತಿದ್ದ. ಕ್ಲಿಪ್ಪಿಗೆ ಮೊದಲು ಎಲ್ಲೂ ಸ್ಕ್ರೂ ಬಿದ್ದ ಗುರುತಿಲ್ಲ, ಈಗ ತಾನೇ ಹೊಸ ತೂತು ಕೊರೆಯುತ್ತಿದ್ದೇನೆ ಅನ್ನುವುದು ಕುರುಡನಿಗೂ ಕಾಣುತ್ತಿತ್ತು. ಹೇಳಿಬಿಡಬೇಕು ಅಂತ ಆ ಎರಡು ದಿನದಲ್ಲಿ ಹತ್ತು ಸಲ ಬಾಯಿ ತೆರೆದಿದ್ದೇನೆ. "ಭಾಯ್" ಅನ್ನುತ್ತಿದ್ದೆ. ಅವನು ಕೈಯಲ್ಲಿದ್ದ ಅರ ನಿಲ್ಲಿಸಿ "ಹಾಂ, ಹೇಳು" ಅನ್ನುತ್ತಿದ್ದ. ನಾನು "ಟೀ ಹೇಳ್ಲಾ?" ಅನ್ನುತ್ತಿದ್ದೆ.

ಅದಾದ ತಿಂಗಳಿಗೆ ಅವನು, ಕೋಗಿಲು ಕ್ರಾಸ್ ಹತ್ತಿರ ಭಾಮೈದನ ಅಂಗಡಿ ಇದೆ, ಅಲ್ಲಿಗೆ ಹೋಗುತ್ತೇನೆ ಅಂದ. ಈ ಅಂಗಡಿಯ ಬಾಡಿಗೆ ಕರಾರನ್ನು ನನ್ನ ಹೆಸರಿಗೆ ಮಾಡಿಸಿಕೊಟ್ಟ. ಮಷಿನ್ನು ಟೆಂಪೋಗೆ ಏರಿಸುವಾಗ ನಾನು ಒಂದು ಕಡೆ ಹಿಡಿದುಕೊಂಡೆ. ಹಲಗೆಯ ಇಳಿಜಾರಿನಲ್ಲಿ ಜಾರಬಾರದು ಅಂತ ಅವನು ಹೇಳಿದ ಮಾತು, "ಹುಷಾರು, ನೀವು ಬಿಡಿ, ನಾನು ಹಿಡ್ಕೋತೀನಿ."

ನೀವು.

ಕೇಳಿದ ಕೂಡಲೇ ನಾನು ಮಷಿನ್ನು ಬಿಟ್ಟು ಹಿಂದೆ ಸರಿದೆ. ಹನ್ನೊಂದು ವರ್ಷ ಲೋ, ಗುರು, ನೀನು ಅಂದವನು. ಬೈದಿದ್ದರೆ, ಕಪಾಳಕ್ಕೆ ಹೊಡೆದಿದ್ದರೆ, ಅಳುತ್ತಾ ಕಾಲು ಹಿಡಿಯಬಹುದಿತ್ತು. ಮರ್ಯಾದೆ ಕೊಡುವವನ ಕಾಲು ಹೇಗೆ ಹಿಡಿಯುವುದು?

ಐದು ತಿಂಗಳು ನಾನು ಸರಿಯಾಗಿ ಉಣ್ಣಲಿಲ್ಲ. ಹೆಂಡತಿಗೆ ಹೇಳಿದೆ. ಅವಳು ಅಳುತ್ತಾ ಕೂತಳು, ನನಗಾಗಿ ಅಲ್ಲ, ದಿನಾ ಗಂಜಿ ಮಾಡಿ ಕಳಿಸಿದ ಅವನ ತಾಯಿಗಾಗಿ. ಆಮೇಲೆ ಒಂದು ಭಾನುವಾರ ಯಲಹಂಕಕ್ಕೆ ಹೋಗಿ ಆ ನಿವೃತ್ತರ ಮನೆಯ ಬಾಗಿಲು ತಟ್ಟಿದೆ. ಕೋಲು ಹಿಡಿದು ಅವರೇ ಬಂದರು. ನಿಂತಲ್ಲೇ ಎಲ್ಲ ಹೇಳಿದೆ: ಕ್ಲಿಪ್ ಹಾಕದೆ ಬಿಟ್ಟವನು ನಾನು, ಕಟ್ಟಿದ್ದೇನೆ ಅಂತ ಸುಳ್ಳು ಹೇಳಿದವನು ನಾನು, ನಿಮ್ಮ ಮನೆಯವರ ಮುಂದೆ ಅವನ ಮೇಲೆ ಹಾಕಿದವನೂ ನಾನೇ.

ಅವರು ಕೋಲೂರಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ಆಮೇಲೆ, "ಕಾರು ಮಾರ್ಬಿಟ್ಟೆ ಕಣಪ್ಪ. ಅವಳಿಗೆ ಹೆದರಿಕೆ ಬಂದ್ಬಿಡ್ತು, ನಾನೇ ಸೋತೆ" ಅಂದರು. "ನಾನು ಹಾಸಿಗೆ ಮೇಲಿದ್ದಾಗ ನಿಮ್ಮ ಫ್ರೆಂಡು ಪ್ರತೀ ವಾರ ಹಣ್ಣು ತಗೊಂಡು ಬರ್ತಿದ್ರು. ಕೂತು ಹೋಗ್ತಿದ್ರು. ನಿಮ್ಮ ಮೇಲೆ ಒಂದು ಮಾತು ಆಡ್ಲಿಲ್ಲ. ನನ್ನ ಹತ್ರ ಯಾಕೆ ಹೇಳ್ತಿದೀರ? ಅಲ್ಲಿ ಹೋಗಿ ಹೇಳಿ."

ಅಲ್ಲಿಂದ ನೇರ ಕೋಗಿಲು ಕ್ರಾಸಿಗೆ ಹೋದೆ. ಅವನು ಒಂದು ವ್ಯಾನಿನ ಸೀಟಿಗೆ ಹೊಲಿಗೆ ಹಾಕುತ್ತಿದ್ದ. ನನ್ನನ್ನು ನೋಡಿ ಮಷಿನ್ನು ನಿಲ್ಲಿಸಿದ. "ಬನ್ನಿ, ಕೂತ್ಕೊಳ್ಳಿ. ಮನೇಲಿ ಎಲ್ರೂ ಆರಾಮಾ?"

ನಾನು ಕೂರಲಿಲ್ಲ. ಹೇಳಿದೆ. ಹೇಳುವಾಗ ಅವನು ಬೆರಳಿಗೆ ಸುತ್ತಿದ್ದ ದಾರವನ್ನು ನಿಧಾನಕ್ಕೆ ಬಿಚ್ಚುತ್ತಿದ್ದ.

"ಗೊತ್ತಿತ್ತು" ಅಂದ.

"ಮತ್ತೆ ಯಾಕೆ ಆವತ್ತು ಆಯಮ್ಮನ ಮುಂದೆ ಸುಮ್ನಿದ್ದೆ ಭಾಯ್?"

"ನೀನು ಹೆದ್ರಿದ್ದೆ. ಹೆದ್ರಿದೋನು ಏನ್ ಬೇಕಾದ್ರೂ ಹೇಳ್ತಾನೆ. ಅದ್ರಿಂದ ನಂಗೆ ನೋವಾಗ್ಲಿಲ್ಲ ಗುರು." ಬಿಚ್ಚಿದ ದಾರವನ್ನು ಮಷಿನ್ನಿನ ಮೇಲಿಟ್ಟ. "ಆಮೇಲೆ ಎರಡು ದಿನ ಪಕ್ಕದಲ್ಲೇ ಕೂತಿದ್ನಲ್ಲ. ನೀನಾಗೇ ಹೇಳ್ತೀಯ ಅಂತ ಕಾಯ್ತಿದ್ದೆ. ನೀನು ಟೀ ಹೇಳ್ಲಾ ಅಂದೆ."

ನಾನು ಅಳತೊಡಗಿದೆ. ಅವನು ಎದ್ದು ನನ್ನ ಭುಜದ ಮೇಲೆ ಕೈ ಇಟ್ಟ. ಅವನ ಕಣ್ಣೂ ತುಂಬಿತ್ತು. ವಾಪಸ್ ಬಾ ಭಾಯ್, ನಿನ್ನ ಜಾಗ ಹಾಗೇ ಇದೆ ಅಂದೆ. ಅವನು ಇಲ್ಲ ಅಂತ ತಲೆ ಆಡಿಸಿದ. "ಮಾಫ್ ಮಾಡಿದೀನಿ. ಅಲ್ಲಾನ ಆಣೆ, ಮನಸ್ಸಲ್ಲಿ ಏನೂ ಇಲ್ಲ. ಆದ್ರೆ ಇನ್ಮೇಲೆ ನೀನು ವೈರು ಕಟ್ಟಿದೀನಿ ಅಂದ್ರೆ ನಾನು ಬಗ್ಗಿ ನೋಡ್ತೀನಿ. ದಿನಾ ನೋಡ್ತೀನಿ. ಹಂಗೆ ಜೊತೇಲಿ ಕೆಲಸ ಮಾಡೋಕಾಗಲ್ಲ." ಅಷ್ಟರಲ್ಲಿ ಹೊರಗಿಂದ ಯಾರೋ ಕರೆದರು. ಅವನು ಮುಖ ಒರೆಸಿಕೊಂಡು ನನಗೆ, "ಟೀ ಕುಡ್ಕೊಂಡು ಹೋಗಿ" ಅಂದ.

ಅದಾಗಿ ಒಂದು ವರ್ಷ ಮೇಲಾಯಿತು. ಹಬ್ಬಕ್ಕೆ ಫೋನ್ ಮಾಡಿದರೆ ಎತ್ತುತ್ತಾನೆ, ಎಲ್ಲರನ್ನೂ ವಿಚಾರಿಸುತ್ತಾನೆ, ಇಡುತ್ತಾನೆ. ಅಂಗಡಿಯ ಎಡಗಡೆ ಖಾಲಿ ಇದೆ. ಬಾಡಿಗೆಗೆ ಕೇಳಿದವರಿಗೆಲ್ಲ ಕೊಡುವುದಿಲ್ಲ ಅಂದಿದ್ದೇನೆ. ಹೆಂಡತಿ ಇದು ಹುಚ್ಚು ಅನ್ನುತ್ತಾಳೆ.

ಹೋದ ವಾರ ಜಕ್ಕೂರಿನಿಂದ ಒಬ್ಬರು ಹೊಸ ಗಿರಾಕಿ ಬಂದರು. ಅವರ ಕಾರಿನ ಸೀಟಿನ ಮೋಟಾರು ಅರ್ಧಕ್ಕೆ ನಿಲ್ಲುತ್ತಿತ್ತು. ಇಷ್ಟು ದೂರ ಯಾಕೆ ಬಂದಿರಿ, ಆ ಕಡೆಯೇ ಎಷ್ಟೋ ಜನ ಇದ್ದಾರಲ್ಲ ಅಂತ ಕೇಳಿದೆ.

"ಕೋಗಿಲು ಕ್ರಾಸಲ್ಲಿ ಸೀಟ್ ಮಾಡೋ ಭಾಯ್ ಕಳ್ಸಿದ್ರು. ಸೀಟಿನ ವೈರಿಂಗ್ ಆದ್ರೆ ಬೆಂಗಳೂರಲ್ಲಿ ಅವರೊಬ್ರೇ, ಕಣ್ಮುಚ್ಕೊಂಡು ಕೊಡಿ ಅಂದ್ರು."

ಕಾರು ಬಿಟ್ಟು ಅವರು ಹೋದರು. ನಾನು ಬಾನೆಟ್ ಮೇಲೆ ಕೈ ಊರಿಕೊಂಡು ನಿಂತೆ. ಆ ಮಧ್ಯಾಹ್ನ ನನ್ನಿಂದ ಒಂದು ಸ್ಕ್ರೂ ಕೂಡ ಬಿಚ್ಚಲಾಗಲಿಲ್ಲ.