ಕರಡಿಯ ತವರುಮನೆ

ಕರಡಿಗೆ ತವರುಮನೆ ಎಲ್ಲಿ? ಕುರುಗೋಡಿನಲ್ಲಿ. ನಗಬೇಡಿ. ಈ ಸಂಗತಿಯನ್ನು ಲೋಕಕ್ಕೆ ತಿಳಿಸಿದವನು ನಾನೇ. ಅದಕ್ಕಾಗಿ ಹೋದ ವಾರ ಅತ್ತೆಯ ಮನೆಯಲ್ಲಿ ನನಗೆ ಆದ ಮರ್ಯಾದೆಯನ್ನೂ ಹೇಳಿಬಿಡುತ್ತೇನೆ.

ಸಿರುಗುಪ್ಪದ ನಮ್ಮ ಎದುರುಮನೆಯ ಶರಣಪ್ಪನವರು ಬಳ್ಳಾರಿಯಿಂದ ಬಾಡಿಗೆಗೆ ವಿ.ಸಿ.ಆರ್. ತಂದಿದ್ದರು. ಜೊತೆಗೆ ಮಕ್ಕಳಿಗೆಂದು ಒಂದು ಕಾರ್ಟೂನ್ ಕ್ಯಾಸೆಟ್. ಭಾನುವಾರ ಮಧ್ಯಾಹ್ನ ನಾಲ್ಕು ವರ್ಷದ ಮಗಳು ಗೌರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನೂ ಹೋಗಿ ಕೂತೆ. ಹೆಂಡತಿ ಎರಡನೆಯ ಹೆರಿಗೆಗೆ ಕುರುಗೋಡಿನ ತವರಿಗೆ ಹೋಗಿ ತಿಂಗಳಾಗಿತ್ತು. ಮೊಮ್ಮಗಳನ್ನು ಬಿಟ್ಟಿರಲಾರೆ ಎಂದು ನಮ್ಮವ್ವ ಗೌರಿಯನ್ನು ಇಲ್ಲೇ ಇರಿಸಿಕೊಂಡಿದ್ದಳು.

ಕರಡಿಗಳ ಕತೆ; ಚಿತ್ರ ಇಂಗ್ಲಿಷಿನಲ್ಲಿತ್ತು.

"ಮಾಸ್ತರ, ನೀವು ಸಾಲ್ಯಾಗ ಇಂಗ್ಲಿಷ್ ಕಲಿಸೋರು. ಕತಿ ಬಿಡಿಸಿ ಹೇಳ್ರಿ" ಎಂದರು ಶರಣಪ್ಪ.

(ಆ ಕರಡಿಗಳ ಇಂಗ್ಲಿಷ್ ನನಗೆ ಅರ್ಧವೂ ತಿಳಿಯಲಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಹೇಳಬೇಡಿ.)

ಕಣ್ಣಿಗೆ ಕಂಡದ್ದನ್ನೇ ಹೇಳುತ್ತ ಹೋದೆ. ಮರಿಗೆ ಜೇನು ತರಲು ತಾಯಿ ಕರಡಿ ಹೊಳೆಗೆ ಇಳಿಯಿತು. ಪ್ರವಾಹ ಬಂತು. ತಾಯಿ ಕಾಣದಾಯಿತು. ಮರಿಯೊಂದೇ ದಂಡೆಯ ಮೇಲೆ ನಿಂತಿತ್ತು.

ಗೌರಿಯ ಉಗುರು ನನ್ನ ತೋಳಿಗೆ ನಾಟಿತು. "ಅಪ್ಪಾ, ಅದರ ಅವ್ವ ಎಲ್ಲಿಗೆ ಹೋತು?"

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

"ಹೊಳಿ ದಾಟಿ ಕುರುಗೋಡಿಗೆ ಹೋಗೈತವ್ವ, ಪಾಪು ಹಡ್ಯಾಕ" ಎಂದೆ.

"ಯಾವ ಬಸ್ಸಿಗ್ರೀ ಮಾಸ್ತರ?" ಎಂದು ಶರಣಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೌರಿ ನಗಲಿಲ್ಲ. ಉಗುರು ಸಡಿಲಿಸಿ ದೊಡ್ಡದೊಂದು ಉಸಿರುಬಿಟ್ಟಳು. ಆಮೇಲೆ ಶುರುವಾಯಿತು ಹಟ: "ನಾವೂ ಹೋಗಾಣು."

ಮರುದಿನವೇ ರಜೆ ಹಾಕಿ ಬಸ್ಸು ಹತ್ತಿದೆವು.

ಕುರುಗೋಡಿನಲ್ಲಿ ಅತ್ತೆಯವರು ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಬಂದರು. ಗೌರಿ ಅವ್ವನನ್ನು ಒಮ್ಮೆ ತಬ್ಬಿಕೊಂಡವಳೇ ಎಲ್ಲ ಕೋಣೆಗಳಲ್ಲೂ ಇಣುಕಿದಳು.

"ಅಜ್ಜೀ, ಕರಡಿ ಎಲ್ಲೈತಿ?"

"ಯಾವ ಕರಡಿನವ್ವಾ?"

"ಪಾಪು ಹಡ್ಯಾಕ ಇಲ್ಲಿಗೆ ಬಂದೈತಲ್ಲ, ಅದು. ಅಪ್ಪ ಹೇಳ್ಯಾನ."

ಅತ್ತೆ ತುಂಬುಬಸುರಿ ಮಗಳನ್ನು ನೋಡಿದರು. ನನ್ನನ್ನು ನೋಡಿದರು. "ನನ್ನ ಮಗಳು ನಿಮಗ ಕರಡಿ ಹಂಗ ಕಾಣ್ತಾಳೇನ್ರೀ ಅಳಿಯಂದ್ರ?"

ತಂಬಿಗೆ ಅವರ ಕೈಯಲ್ಲೇ ಉಳಿಯಿತು. ಹೊರಗೆ ನಿಂತೇ ಇಡೀ ಕಾರ್ಟೂನು ವಿವರಿಸಿದೆ. ಅತ್ತೆ ನಂಬಲಿಲ್ಲ. (ಇನ್ನೂ ನಂಬಿಲ್ಲ.) ಹೆಂಡತಿ ಮಾತ್ರ ಗೋಡೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ ಮೆಲ್ಲಗೆ ಕೇಳಿದಳು:

"ಖರೇ ಹೇಳ್ರಿ, ಆ ತಾಯಿ ತಿರುಗಿ ಬಂತೇನು?"

"ಇಲ್ಲ."

ಅವಳ ಕೈ ಹೊಟ್ಟೆಯ ಮೇಲೆ ಹೋಯಿತು. ನಂತರ ಮಗಳನ್ನು ಪಕ್ಕಕ್ಕೆ ಎಳೆದುಕೊಂಡಳು. "ಕರಡಿ ಮುಂಜಾನೇನ ಹೋತಲ್ಲವ್ವಾ, ಮರಿ ಕಡೆ. ನಿಮಗ ಹಾದ್ಯಾಗ ಸಿಗಲಿಲ್ಲೇನು?"

ಮಕ್ಕಳ ಚಿತ್ರ ಮಾಡುವ ಮಹನೀಯರೇ, ತಾಯಿಯನ್ನು ಹೊಳೆಗೆ ತಳ್ಳುವ ಮೊದಲು, ನೋಡುವ ಮಗು ಯಾರ ತೊಡೆಯ ಮೇಲೆ ಕೂತಿದೆ ಎಂದು ಒಮ್ಮೆ ಯೋಚಿಸಬಾರದೇ?