ಕಾಲು ಮುರಿದವನೇ ಸಾಕ್ಷಿ

"ಇವ್ರ ಕಾಲು ಮುರ್ದೋನು ನಾನೇ ಸಾರ್, ಬರ್ಕಳಿ!" ಮಧುಗಿರಿಯ ಕಚೇರಿಯೊಂದರ ಸಾಲಿನಲ್ಲಿ ನನ್ನ ಮುಂದಿದ್ದವನು ಎದೆಯುಬ್ಬಿಸಿ ಹೇಳಿದ. ಪಕ್ಕದಲ್ಲಿ ಊರುಗೋಲು ಹಿಡಿದಿದ್ದ ನಿವೃತ್ತ ಜೈಲು ವಾರ್ಡರ್ ಹೌದೆಂದು ತಲೆಯಾಡಿಸಿದರು. ಡ್ಯೂಟಿಯಲ್ಲಿದ್ದಾಗಲೇ ಏಟು ಬಿತ್ತೆಂದು ಕಣ್ಣಾರೆ ಕಂಡವರು ಹೇಳಿದರಷ್ಟೇ ಅಂಗವೈಕಲ್ಯ ಪಿಂಚಣಿಯಂತೆ. ಅಂದು ಸೆಲ್ಲಿನಲ್ಲಿ ಇದ್ದದ್ದು ವಾರ್ಡರ್ ಮತ್ತು ಏಟು ಕೊಟ್ಟ ಈ ಕೈದಿ, ಇಬ್ಬರೇ. ಹಾಗಾಗಿ, ಬಿಡುಗಡೆಯಾಗಿ ಶಿರಾದಲ್ಲಿ ಕಡಲೆಕಾಯಿ ವ್ಯಾಪಾರಕ್ಕಿಳಿದಿದ್ದವನನ್ನು ಹುಡುಕಿ, ಅವನದೇ ಬೈಕಿನಲ್ಲಿ ಬಂದಿದ್ದರು.

"ಸಾಕ್ಷಿ ಹೇಳೋರ ನಡತೆ ಒಳ್ಳೇದು ಅಂತ ಯಾರಾದ್ರೂ ಬರ್ಕೊಡ್ಬೇಕಲ್ಲ?" ಗುಮಾಸ್ತರು ತಡವರಿಸಿದರು.

"ನಾನೇ ಕೊಡ್ತೀನಿ," ವಾರ್ಡರ್ ಪೆನ್ನು ಈಸಿಕೊಂಡರು. "ಅವತ್ತೊಂದಿನ ಬುಟ್ರೆ ಬಲು ಒಳ್ಳೇ ಮನ್ಸ ಕಣ್ರೀ ಸಾರ್."

ಪಿಂಚಣಿ ಸಿಕ್ಕಿತೋ ಇಲ್ಲವೋ ತಿಳಿಯದು. ಹೊರಡುವಾಗ ಆ ಸೊಟ್ಟ ಕಾಲನ್ನು ಎರಡೂ ಕೈಯಿಂದ ಮೆಲ್ಲಗೆ ಎತ್ತಿ ಬೈಕಿನ ಮೇಲಿಟ್ಟವನು, ಅದನ್ನು ಮುರಿದವನೇ.